ಹಾಸ್ಟೆಲ್ ಬಾಗಿಲು ತೆರೆದವರು ಯಾರು?

ಅಕ್ಕ ಧಾರವಾಡದಿಂದ ಬಸ್ಸಿಗೆ ಹಾಕಿ ಕಳಿಸಿದ್ದ ಗಾದಿ, ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತುಕೊಂಡು ಹೋದ ವರ್ಷ ಪುಣೆಯ ಒಂದು ಲೇಡೀಸ್ ಹಾಸ್ಟೆಲ್ಲಿಗೆ ಹೋಗಿದ್ದೆ. ಅಕ್ಕನ ಮಗಳು ಅಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಮುಂದೆ ತಳ್ಳಿದ. ಹೆಸರು, ಮೊಬೈಲ್ ನಂಬರ್ ಬರೆದೆ. ಅವು ನನ್ನವೇ ಹೌದೋ ಅಲ್ಲವೋ ಎಂದು ಯಾರೂ ನೋಡಲಿಲ್ಲ. ಒಳಬಾಗಿಲಿಗೆ ಬೆರಳಚ್ಚಿನ ಯಂತ್ರವಿತ್ತು. ವಿಸಿಟರ್ ರೂಮ್ ಎಲ್ಲಿದೆ ಎಂದು ನೋಡುತ್ತ ನಿಂತಾಗ ಒಬ್ಬ ಹುಡುಗಿ ಹೊರಗೆ ಬಂದಳು. ನನ್ನ ಎರಡೂ ಕೈ ತುಂಬಿದ್ದನ್ನು ಕಂಡು ಬಾಗಿಲು ಹಿಡಿದು, "ಆಯಿಯೇ ಅಂಕಲ್" ಎಂದಳು.

ಹೋದೆ. ಎರಡನೇ ಮಹಡಿಯಲ್ಲಿ ಬಟ್ಟೆ ಒಣಹಾಕಿದ್ದ ಕಾರಿಡಾರು ಕಂಡಾಗಲೇ ಎಲ್ಲಿಗೆ ಬಂದಿದ್ದೇನೆಂದು ತಿಳಿದು ದಡದಡ ಕೆಳಗಿಳಿದೆ. ಅಲ್ಲಿಯವರೆಗೆ ಒಬ್ಬರೂ ತಡೆದಿರಲಿಲ್ಲ. "ಮಾಮಾ, ನೀ ಒಳಗ ಹ್ಯಾಂಗ ಬಂದಿ?" ಎಂದು ಸೊಸಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಆಫೀಸುಗಳಲ್ಲಿ ಇದಕ್ಕೆ ಟೇಲ್‌ಗೇಟಿಂಗ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ಕಡ್ಡಾಯ ಟ್ರೇನಿಂಗಿನಲ್ಲಿ ನಾವೆಲ್ಲ ಓದದೆಯೇ ನೆಕ್ಸ್ಟ್ ಒತ್ತುವ ಸ್ಲೈಡು ಅದು. ಬೀಗ ಮುರಿಯುವವನಿಗಿಂತ, ಬಾಗಿಲು ಹಿಡಿದು ನಿಲ್ಲುವ ಸಜ್ಜನರಿಂದಲೇ ಭದ್ರತೆ ಸೋಲುವುದು ಹೆಚ್ಚು.

ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯ ಇದಕ್ಕೆ ತೆತ್ತ ಬೆಲೆ ದೊಡ್ಡದು. 1986ರ ಏಪ್ರಿಲ್‌ನಲ್ಲಿ ಜೀನ್ ಕ್ಲೆರಿ ಎಂಬ 19ರ ವಿದ್ಯಾರ್ಥಿನಿಯ ಮೇಲೆ ಅವಳ ಹಾಸ್ಟೆಲ್ ಕೋಣೆಯಲ್ಲೇ ಅತ್ಯಾಚಾರವಾಯಿತು, ಕೊಲೆಯೂ ಆಯಿತು. ಅಲ್ಲಿದ್ದವು ತಾವಾಗಿಯೇ ಲಾಕ್ ಆಗುವ ಬಾಗಿಲುಗಳು. ಓಡಾಟಕ್ಕೆ ಅನುಕೂಲವಾಗಲೆಂದು ಹುಡುಗರು ಪಿಜ್ಜಾ ಡಬ್ಬಿ ಸಿಕ್ಕಿಸಿ ಅವನ್ನು ತೆರೆದಿಟ್ಟಿದ್ದರು. ಒಳಗೆ ಬಂದವನು ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅವಳ ತಂದೆತಾಯಿಯ ಹೋರಾಟದಿಂದ 1990ರಲ್ಲಿ ಬಂದ ಕಾನೂನಿಗೆ ಈಗ ಅವಳದೇ ಹೆಸರು. ಕೇಂದ್ರದ ನೆರವು ಪಡೆಯುವ ಕಾಲೇಜುಗಳು ತಮ್ಮ ಆವರಣದಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಪ್ರತಿವರ್ಷ ಪ್ರಕಟಿಸಲೇಬೇಕು. ನಮ್ಮಲ್ಲಿ ಅಡ್ಮಿಷನ್ ವೇಳೆ ಪ್ಲೇಸ್‌ಮೆಂಟ್ ಅಂಕಿಅಂಶ ಕೇಳುತ್ತೇವೆ. ಇದನ್ನು ಕೇಳಿದ ಪಾಲಕರನ್ನು ನಾನಂತೂ ಕಂಡಿಲ್ಲ. ನಾನೂ ಕೇಳಿರಲಿಲ್ಲ.

ಇನ್ನು 2023ರ ಜೂನ್‌ನಲ್ಲಿ ಮುಂಬಯಿಯ ಮರೀನ್ ಡ್ರೈವ್ ಬಳಿಯ ಸರ್ಕಾರಿ ಹಾಸ್ಟೆಲ್ಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾದದ್ದು ಮುಂಬಯಿ ಓದುಗರಿಗೆ ನೆನಪಿರಬೇಕು. ಪೊಲೀಸರ ಸಂಶಯ ಹೋದದ್ದು ಅದೇ ಹಾಸ್ಟೆಲ್ಲಿನ ಕಾವಲುಗಾರನ ಮೇಲೆ. ಇಂಥ ಕಡೆ ಗೋಡೆ ಎತ್ತರಿಸಿ ಏನು ಬಂತು? ಕೆಲಸಕ್ಕೆ ಬರುವವರ ಹಿನ್ನೆಲೆಯ ಪರಿಶೀಲನೆ, ಯಾರು ಯಾವ ಮಹಡಿಗೆ ಯಾವಾಗ ಹೋಗಬಹುದು ಎಂಬ ಕಟ್ಟುಪಾಡು, ರಾತ್ರಿ ಒಬ್ಬನೇ ಗಾರ್ಡ್‌ನ ಕೈಯಲ್ಲಿ ಎಲ್ಲ ಕೀಲಿ ಇರದಂತೆ ನೋಡಿಕೊಳ್ಳುವುದು ಬೇಕು.

ನಮ್ಮ ಹಾಸ್ಟೆಲ್ಲುಗಳಿಗೆ ಮಾತ್ರ ಭದ್ರತೆ ಎಂದರೆ ಹುಡುಗಿಯರು ಎಷ್ಟು ಗಂಟೆಗೆ ಮರಳಿದರು ಎಂಬ ಲೆಕ್ಕ. 2015ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು 'ಪಿಂಜ್ರಾ ತೋಡ್' ಎಂದು ಬೀದಿಗಿಳಿದದ್ದು ಇದೇ ಸಿಟ್ಟಿಗೆ. ಸೊಸಿಯ ಹಾಸ್ಟೆಲ್ಲಿನ ಯಂತ್ರವೂ ಅಷ್ಟೇ: ಅವಳು ಹತ್ತು ನಿಮಿಷ ತಡವಾದರೆ ಅಕ್ಕನಿಗೆ ಮೆಸೇಜ್ ಹೋಗುತ್ತದೆ, ನಾನು ಒಳಹೊಕ್ಕರೆ ಯಾರಿಗೂ ಹೋಗುವುದಿಲ್ಲ.

ಬಾಗಿಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಕೂಗುವ ಅಲಾರಂ ಇದೆ, ಅದೇನೂ ಮಹಾ ದುಬಾರಿಯಲ್ಲ. ಕಳೆದ ಕಾರ್ಡನ್ನು ಅದೇ ದಿನ ರದ್ದು ಮಾಡುವುದಕ್ಕಂತೂ ದುಡ್ಡೇ ಬೇಡ. ಹಾಗೆಂದು ಬೆಂಕಿಬಾಗಿಲಿಗೆ ಸರಪಳಿ ಸುತ್ತಬಾರದು. ಹೊರಗಿನವರಿಗೆ ಮುಚ್ಚಿದ್ದರೂ ಒಳಗಿನವರು ತಳ್ಳಿದರೆ ಅದು ತೆರೆಯಲೇಬೇಕು. ಹಲವು ಕಡೆ ಕಳ್ಳರಿಗೆ ಹೆದರಿ ಅದಕ್ಕೇ ಬೀಗ ಜಡಿದಿರುತ್ತಾರೆ.

ಕಷ್ಟದ್ದೆಂದರೆ "ನೀವು ಯಾರು?" ಎಂದು ಕೇಳುವುದು. ನಮ್ಮ ಮಕ್ಕಳಿಗೆ ದೊಡ್ಡವರನ್ನು ಹಾಗೆ ಕೇಳಬಾರದೆಂದು ಕಲಿಸಿದವರು ನಾವೇ. ನಾನು ಹೇಳಿಕೊಟ್ಟೆನೆಂದು ಸೊಸಿ ಒಮ್ಮೆ ತನ್ನ ಹಿಂದೆಯೇ ನುಗ್ಗಿದ ಒಬ್ಬಳ ಐಡಿ ಕೇಳಿದಳಂತೆ. ಸೀನಿಯರ್! "ಭಾಳ ಬೈದ್ಲು ಮಾಮಾ, ಈಗ ಎಲ್ಲಾರೂ ನನಗ ವಾಚ್‌ಮನ್ ಅಂತಾರ" ಎಂದು ಫೋನಿನಲ್ಲಿ ಮುಖ ಊದಿಸಿಕೊಂಡಿದ್ದಳು.

ವಾರ್ಡನ್‌ಗೆ ಅಲಾರಂ ಬಗ್ಗೆ ಮೇಲ್ ಬರೆದಿದ್ದೆ. ಬಯೋಮೆಟ್ರಿಕ್ ಇದೆಯಲ್ಲ ಸರ್, ಎಂದು ಉತ್ತರ ಬಂದಿದೆ. ಪಾಲಕರ ಸಭೆ ಮುಂದಿನ ತಿಂಗಳು. ಅಕ್ಕನಿಗೆ ರಜೆ ಸಿಗುವುದಿಲ್ಲವಂತೆ, ನಾನೇ ಹೋಗುವವನಿದ್ದೇನೆ.