ಹೊಸ ವರ್ಷದ ಕಾಳು, ನಿಧಾನದ ಕುಕ್ಕರ್

ಅಮೆರಿಕದ ಅಟ್ಲಾಂಟಾದಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಹಿಂದಿರುಗಿದ ದಂಪತಿ ಈಚೆಗೆ ರಕ್ತದೊತ್ತಡದ ತಪಾಸಣೆಗೆಂದು ನನ್ನಲ್ಲಿಗೆ ಬಂದಿದ್ದರು. ಮಾತಿನ ನಡುವೆ ಆಕೆ, "ಡಾಕ್ಟ್ರೇ, ಹೊಸ ವರ್ಷದ ದಿನ ಅಲ್ಲಿ ನಾವು ನಾಲ್ಕು ಜನವೂ ವಾಂತಿ ಮಾಡಿ ಮಾಡಿ ಸುಸ್ತಾಗಿಹೋದೆವು. ಆ ಊರಿನ ಹಬ್ಬದಡುಗೆ ನಮ್ಮ ಹೊಟ್ಟೆಗೆ ಒಗ್ಗಲಿಲ್ಲ" ಎಂದರು. ವಿವರ ಕೇಳಿದೆ. ತಪ್ಪು ಅಡುಗೆಯದಾಗಿರಲಿಲ್ಲ, ಬೇಯಿಸಿದ ರೀತಿಯದಾಗಿತ್ತು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು 'ಹಾಪಿನ್ ಜಾನ್' ಎಂಬ ಅಡುಗೆ ಮಾಡುತ್ತಾರೆ. ಅಲಸಂದೆ ಕಾಳು, ಅಕ್ಕಿ, ರುಚಿಗೆ ಉಪ್ಪು ಹಾಕಿಟ್ಟ ಹಂದಿಮಾಂಸ. ಪಕ್ಕದಲ್ಲಿ ಕೋಸಿನ ಜಾತಿಯ ಕೊಲಾರ್ಡ್ ಸೊಪ್ಪು. ಕಾಳೆಂದರೆ ನಾಣ್ಯ, ಸೊಪ್ಪೆಂದರೆ ನೋಟು, ತಿಂದವರಿಗೆ ವರ್ಷವಿಡೀ ಹಣ ಎಂಬುದು ಅಲ್ಲಿಯ ನಂಬಿಕೆ. ಅಲಸಂದೆ ಮೂಲತಃ ಆಫ್ರಿಕದ ಬೆಳೆ. ಗುಲಾಮರಾಗಿ ಬಂದ ಆಫ್ರಿಕದ ಜನರ ಅಡುಗೆ ಇದು. 1847ರಲ್ಲಿ ಪ್ರಕಟವಾದ ಕೆರೊಲಿನಾದ ಪಾಕಪುಸ್ತಕವೊಂದರಲ್ಲೇ ಇದರ ವಿಧಾನವಿದೆ. ಅನ್ನದಲ್ಲಿ ಕೊರತೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲ ಕಾಳಿನಲ್ಲಿ ಹೇರಳವಾಗಿದೆ. ಹೀಗಾಗಿ ಇದು ಪುಷ್ಟಿಕರವಾದ ಊಟವೇ.

ಆ ಮನೆಯಲ್ಲಿ ಅಂದು ಅಲಸಂದೆ ಮುಗಿದಿತ್ತು. ಮಗಳು ಅದರ ಬದಲು ರಾಜ್ಮಾ ನೆನೆಸಿ, ನೀರಿನೊಂದಿಗೆ ನೇರವಾಗಿ ಸ್ಲೋ ಕುಕ್ಕರಿಗೆ ಸುರಿದು, ಕನಿಷ್ಠ ಶಾಖಕ್ಕಿಟ್ಟು ಮಲಗಿದ್ದಳು. ಮಧ್ಯಾಹ್ನ ಕಾಳು ಇನ್ನೂ ಸ್ವಲ್ಪ ಗಟ್ಟಿಯಿದ್ದರೂ ಬಡಿಸಿಕೊಂಡು ಉಂಡರು. ಎರಡು ಗಂಟೆಯೊಳಗೆ ವಾಂತಿ, ಭೇದಿ.

ಹಸಿ ರಾಜ್ಮಾದಲ್ಲಿ ಫೈಟೊಹೀಮಗ್ಲುಟಿನಿನ್ ಎಂಬ ವಿಷಕಾರಿ ಪ್ರೋಟೀನು ಇದೆ. ನಾಲ್ಕೈದು ಹಸಿ ಕಾಳು ತಿಂದರೂ ಹೊಟ್ಟೆ ತೊಳಸಬಹುದು. ನೀರು ಚೆನ್ನಾಗಿ ಮರಳಿದಾಗ ಈ ವಿಷ ನಾಶವಾಗುತ್ತದೆ. ಆದರೆ ಸ್ಲೋ ಕುಕ್ಕರಿನೊಳಗಿನ ಅಡುಗೆ ಎಷ್ಟೋ ಸಲ ಕುದಿಯುವ ಮಟ್ಟ ಮುಟ್ಟುವುದೇ ಇಲ್ಲ. 80 ಡಿಗ್ರಿಯವರೆಗೆ ಮಾತ್ರ ಬಿಸಿಯಾದ ರಾಜ್ಮಾ ಹಸಿಯದಕ್ಕಿಂತಲೂ ಹೆಚ್ಚು ತೊಂದರೆ ಕೊಡಬಲ್ಲದು. ಕಾಳು ಮೆತ್ತಗಾಯಿತೆಂದ ಮಾತ್ರಕ್ಕೆ ವಿಷ ಹೋಯಿತೆಂದು ಭಾವಿಸಬೇಡಿ.

ಮಾಡಬೇಕಾದ್ದು ಸುಲಭ. ರಾಜ್ಮಾವನ್ನು ಕನಿಷ್ಠ ಐದು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಲೆಯ ಮೇಲೆ ಕೊತಕೊತನೆ ಅರ್ಧ ಗಂಟೆ ಕುದಿಸಿ. ಆಮೇಲೆ ಬೇಕಾದರೆ ನಿಧಾನದ ಪಾತ್ರೆಗೆ ಹಾಕಿ. ಅಲಸಂದೆಯಲ್ಲಿ ಈ ವಿಷ ತೀರಾ ಕಡಿಮೆ, ಆದರೂ ಅದನ್ನೂ ಮೊದಲು ಕುದಿಸುವುದು ಲೇಸು. ನಮ್ಮ ಪ್ರೆಶರ್ ಕುಕ್ಕರಿನಲ್ಲಿ ಶಾಖ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಸೀಟಿ ಹೊಡೆಸಿ ಬೇಯಿಸುವವರಿಗೆ ಭಯವಿಲ್ಲ. ಈಗ ಬಂದಿರುವ ವಿದ್ಯುತ್ ಕುಕ್ಕರುಗಳಲ್ಲಿ ಕೆಲವಕ್ಕೆ ಎರಡೂ ಬಗೆಯ ಗುಂಡಿಗಳಿರುತ್ತವೆ. ಯಾವುದನ್ನು ಒತ್ತಿದಿರಿ ಎಂದು ನೋಡಿಕೊಳ್ಳಿ.

ಈ ವಾಂತಿ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ನಿಲ್ಲುತ್ತದೆ. ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ಮೂತ್ರ ಕಡಿಮೆಯಾದರೆ, ಮಂಪರು ಬಂದರೆ, ರಕ್ತ ಕಂಡರೆ ಕಾಯಬೇಡಿ. ಚಿಕ್ಕ ಮಕ್ಕಳು, ವೃದ್ಧರಾದರೆ ಬೇಗನೆ ವೈದ್ಯರಿಗೆ ತೋರಿಸಿ.

ಅಕ್ಕಿಯನ್ನು ರಾತ್ರಿಯಿಡೀ ಬೇಯಿಸುವ ಅಗತ್ಯವಿಲ್ಲ, ಕೊನೆಗೆ ಸೇರಿಸಿದರೆ ಸಾಕು. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಿ. ಅನ್ನದಲ್ಲಿ ಉಳಿಯುವ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣು ಹೊರಗಿಟ್ಟಾಗ ವಿಷ ತಯಾರಿಸುತ್ತದೆ, ಅದು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಸೊಪ್ಪನ್ನು ತಾಸುಗಟ್ಟಲೆ ಬೇಯಿಸಿದರೆ ಸಿ ಜೀವಸತ್ವ ಬಹುಪಾಲು ನಾಶ. ಫೋಲೇಟ್ ಕೂಡ ನೀರಿಗಿಳಿಯುತ್ತದೆ. ಅಲ್ಲಿಯವರು ಆ ನೀರನ್ನು ಚೆಲ್ಲದೆ ಕುಡಿಯುತ್ತಾರೆ. ನಮ್ಮ ಬಸ್ಸಾರು ಮತ್ತೇನು? ಅಲಸಂದೆ, ಸೊಪ್ಪು ಬೇಯಿಸಿ ಬಸಿದ ನೀರೇ ಸಾರು, ಉಳಿದದ್ದು ಪಲ್ಯ. ಮೇಲೆ ನಿಂಬೆ ಹಿಂಡಿದರೆ ಕಾಳಿನ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ವಾರ್ಫರಿನ್ ಅಥವಾ ಅಸೆನೊಕೌಮರಾಲ್ ನುಂಗುವವರು ಮಾತ್ರ ಹಬ್ಬದ ದಿನವೆಂದು ದಿಢೀರನೆ ರಾಶಿ ಸೊಪ್ಪು ತಿನ್ನಬಾರದು. ಅದರ ಕೆ ಜೀವಸತ್ವ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ. ಹಾಗೆಂದು ಸೊಪ್ಪನ್ನೇ ಬಿಡುವುದೂ ಬೇಡ, ದಿನವೂ ಒಂದೇ ಪ್ರಮಾಣದಲ್ಲಿರಲಿ.

ಈ ದಂಪತಿ ಸಸ್ಯಾಹಾರಿಗಳು. ಮಾಂಸದ ಬದಲಿಗೆ ಏನು ಹಾಕಿದಿರೆಂದು ಕೇಳಿದೆ. "ಅಂಗಡಿಯ ಸೂಪಿನ ಬಿಲ್ಲೆ ಮೂರು" ಎಂದರು. ಅದರಲ್ಲಿ ಹೆಚ್ಚಿನದು ಉಪ್ಪೇ. ಯಜಮಾನರ ರಕ್ತದೊತ್ತಡ ಅಂದು 160/100 ಇತ್ತು. ಆ ಬಿಲ್ಲೆಗಳ ಪೊಟ್ಟಣ ಇಲ್ಲಿಗೂ ಬಂದಿದೆಯಂತೆ, ಮಗಳೇ ಕೊಟ್ಟು ಕಳಿಸಿದ್ದಾಳೆ. ಮುಂದಿನ ಸಲ ಬರುವಾಗ ಅದನ್ನು ತಂದು ನನಗೆ ತೋರಿಸಲು ಹೇಳಿದ್ದೇನೆ.