ಶಿಶುಗಳ ವಾರ್ಡಿನಲ್ಲಿ ಕಾಣದ ಜಾಡು

ಇಂಗ್ಲೆಂಡಿನ ಕೇಂಬ್ರಿಜ್ ನಗರದ ರೋಸೀ ಹೆರಿಗೆ ಆಸ್ಪತ್ರೆಯಲ್ಲಿ ನಿತ್ರಾಣ ನವಜಾತ ಶಿಶುಗಳಿಗಾಗಿ ವಿಶೇಷ ಆರೈಕೆಯ ವಾರ್ಡೊಂದುಂಟು. 2011ರಲ್ಲಿ, ಆರು ತಿಂಗಳ ಅವಧಿಯಲ್ಲಿ, ಅಲ್ಲಿನ 12 ಕೂಸುಗಳ ಮೈಮೇಲೆ ಎಂ.ಆರ್.ಎಸ್.ಎ. ಎಂಬ ರೋಗಾಣು ನೆಲೆಸಿದ್ದುದು ಕಂಡುಬಂದಿತು. ಅನೇಕ ಪ್ರತಿಜೀವಕ ಔಷಧಗಳಿಗೆ ಬಗ್ಗದ ಜೀವಿಯಿದು. ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ ಸದ್ದಿಲ್ಲದೆ ಇರಬಲ್ಲದು; ರಕ್ತಕ್ಕೆ ಇಳಿದರೆ ಮಾತ್ರ ಎಳೆಯ ಜೀವಕ್ಕೆ ಕಂಟಕ. ಇದು ಒಬ್ಬರಿಂದೊಬ್ಬರಿಗೆ ಹರಡಿತೋ, ಬೇರೆಬೇರೆಯಾಗಿ ಬಂದಿತೋ? ರೂಢಿಯ ಪರೀಕ್ಷೆಗಳಿಂದ ನಿರ್ಣಯವಾಗಲಿಲ್ಲ.

ಆಗ ವೈದ್ಯ ವಿಜ್ಞಾನಿ ಶರಾನ್ ಪೀಕಾಕ್, ಸ್ಯಾಂಗರ್ ಸಂಸ್ಥೆಯ ಜೂಲಿಯನ್ ಪಾರ್ಕ್‌ಹಿಲ್ ಮೊದಲಾದವರು ಆ ರೋಗಾಣುವಿನ ವಂಶಲಿಪಿಯನ್ನೇ ಆಮೂಲಾಗ್ರವಾಗಿ ಓದಿಸಿದರು. ಸುಮಾರು 28 ಲಕ್ಷ ಅಕ್ಷರಗಳ ಗ್ರಂಥವದು. ಜೀವಿ ಇಮ್ಮಡಿಸುವಾಗಲೆಲ್ಲ ಅದರ ಪ್ರತಿಯಾಗುತ್ತದೆ. ಅಪರೂಪಕ್ಕೊಮ್ಮೆ ಅಕ್ಷರ ತಪ್ಪುತ್ತದೆ. ಓಲೆಗರಿಗಳ ಪಾಠಾಂತರಗಳನ್ನು ತೂಗಿ ನೋಡಿದವರಿಗೆ ಈ ವಿದ್ಯೆ ಹೊಸದೆನಿಸದು. ಎರಡು ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಅವೆರಡೂ ಒಂದೇ ಮಾತೃಕೆಯ ಮಕ್ಕಳೆಂದು ನಾವು ಊಹಿಸುವುದಿಲ್ಲವೇ? ವಿಜ್ಞಾನಿಗಳು ಮಾಡಿದ್ದೂ ಅದನ್ನೇ.

ಓದಿ ನೋಡಿದಾಗ ಸಂಬಂಧವುಳ್ಳ ಪ್ರಕರಣಗಳು 26ಕ್ಕೆ ಏರಿದವು. ಜಾಡು ವಾರ್ಡಿನ ಬಾಗಿಲಲ್ಲಿ ನಿಂತಿರಲಿಲ್ಲ; ಬಾಣಂತಿಯರ ವಾರ್ಡಿಗೂ ಊರೊಳಕ್ಕೂ ಹಬ್ಬಿತ್ತು.

ಅಷ್ಟರಲ್ಲಿ ಇನ್ನೊಂದು ಕೂಸಿನಲ್ಲಿ ಅದೇ ರೋಗಾಣು ಕಾಣಿಸಿತು. ಸೋಂಕಿದ್ದ ಕೊನೆಯ ಶಿಶು ವಾರ್ಡು ಬಿಟ್ಟು 64 ದಿನಗಳಾಗಿದ್ದವು. ನಡುವೆ ಇಡೀ ವಾರ್ಡನ್ನು ತೊಳೆದು ಶುಚಿಗೊಳಿಸಿದ್ದೂ ಆಗಿತ್ತು. ಹಾಗಾದರೆ ಅದು ಎಲ್ಲಿ ಅಡಗಿತ್ತು? 154 ಸಿಬ್ಬಂದಿಯನ್ನು ಪರೀಕ್ಷಿಸಲಾಗಿ ಒಬ್ಬರಲ್ಲಿ ಎಂ.ಆರ್.ಎಸ್.ಎ. ದೊರೆಯಿತು. ವಂಶಲಿಪಿ ಓದಿದಾಗ ಅದೇ ಮನೆತನದ್ದೆಂದು ಖಚಿತವಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಆ ವ್ಯಕ್ತಿ ಶಿಶುಗಳಿಗೆ ಕೇಡು ಬಗೆದವರಲ್ಲ. ತಮ್ಮಲ್ಲಿ ಅದಿದೆಯೆಂಬ ಅರಿವೂ ಇಲ್ಲದೆ ಸೋಂಕು ಹೊತ್ತು ತಿರುಗುವುದು ಸಾಧ್ಯ. ಅದು ಮೊದಲು ಕೂಸಿನಿಂದಲೇ ಅವರಿಗೆ ತಗುಲಿದ್ದರೂ ತಗುಲಿರಬಹುದು. ಪ್ರತಿಗಳ ನಂಟು ತಿಳಿದ ಮಾತ್ರಕ್ಕೆ ಕೊಟ್ಟವರಾರು, ಪಡೆದವರಾರು ಎಂಬುದು ತಾನಾಗಿ ತಿಳಿಯದು. ಅದಕ್ಕೆ ಯಾರು ಯಾವ ದಿನ ಎಲ್ಲಿದ್ದರೆಂಬ ದಾಖಲೆಯೂ ಬೇಕು. ಕಳ್ಳನನ್ನು ಹಿಡಿದಂತೆ ಈ ಶೋಧವನ್ನು ವರ್ಣಿಸುವವರಿದ್ದಾರೆ, ನನಗದು ಒಪ್ಪಿಗೆಯಾಗದು. ಹೀಗೆ ಬೆರಳು ತೋರಿಸತೊಡಗಿದರೆ ನಾಳೆ ಯಾವ ದಾದಿ ತಾನಾಗಿ ಪರೀಕ್ಷೆಗೆ ಮೂಗೊಡ್ಡಿಯಾಳು?

ಸಂಶೋಧನೆಯ ವಿವರಗಳು 2012ರ ನವೆಂಬರಿನಲ್ಲಿ ಹೊರಬಂದವು. ಅದರಲ್ಲಿ ಆ ಸಿಬ್ಬಂದಿಯ ಹೆಸರಿಲ್ಲ. ಅವರಿಗೆ ಚಿಕಿತ್ಸೆ ನೀಡಿ ರೋಗಾಣುವನ್ನು ಹೋಗಲಾಡಿಸಲಾಯಿತು.