ಅಣ್ಣನಿಗೆ ‘ಸ್ವಾತಿಮುತ್ತು’ ಅಂತ ಹೆಸರಿಟ್ಟವನು ನಾನೇ!

ಓದುಗರೇ, ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋಗಿ ‘ಸ್ವಾತಿಮುತ್ತು ಎಲ್ಲಿ?’ ಅಂತ ಕೇಳಿನೋಡಿ. ಕ್ರೇಟು ಜೋಡಿಸುತ್ತಿರುವ ಒಬ್ಬ ಎತ್ತರದ ಆಸಾಮಿಯನ್ನು ತೋರಿಸುತ್ತಾರೆ. ಅವನು ನನ್ನ ದೊಡ್ಡಮ್ಮನ ಮಗ. ಆ ಹೆಸರಿಟ್ಟ ಪುಣ್ಯಾತ್ಮ ನಾನು!

ನಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹಾಗಾಗಿ ಶಿವಯ್ಯನನ್ನು ನಾವು ಎರಡು ಸಲ ನೋಡಿದವರು. ಕೆ. ವಿಶ್ವನಾಥ್ ಅವರ ‘ಸ್ವಾತಿಮುತ್ಯಂ’ 1986ರಲ್ಲಿ ತೆರೆಕಂಡಾಗ ದೊಡ್ಡಮ್ಮ ಮುಳಬಾಗಿಲಿನಲ್ಲಿ ಹೊಸ ಮದುಮಗಳು. ಕಮಲಹಾಸನ್ ವಿಧವೆ ರಾಧಿಕಾಗೆ ತಾಳಿ ಕಟ್ಟಿದಾಗ ಸೆರಗು ಒದ್ದೆಯಾಗುವಷ್ಟು ಅತ್ತಳಂತೆ. ಎರಡು ವರ್ಷಕ್ಕೆ ಅಣ್ಣ ಹುಟ್ಟಿದ. ಕರೆದರೆ ತಿರುಗುವುದಿಲ್ಲ, ಮುಖ ನೋಡುವುದಿಲ್ಲ. ಊರವರು ‘ಪಿಚ್ಚೋಡು’ ಅಂದರು.

ಕನ್ನಡದ ‘ಸ್ವಾತಿಮುತ್ತು’ 2003ರದು. ‘ಹುಚ್ಚ’ನಾಗಿ ಎರಡೇ ವರ್ಷಕ್ಕೆ ಸುದೀಪ್ ಶಿವಯ್ಯನಾದರು, ಜೊತೆಗೆ ಮೀನಾ. ಟಿ.ವಿ.ಯಲ್ಲಿ ನೋಡಿದಾಗ ನನಗೆ ಹತ್ತು ವರ್ಷ. ಮಾರನೇ ದಿನ ಬೀದಿಯಲ್ಲಿ ‘ಲೋ ಸ್ವಾತಿಮುತ್ತು’ ಅಂತ ಕೂಗಿದೆ. ಹುಡುಗರು ನಕ್ಕರು. ಹೆಸರು ಅಂಟಿಕೊಂಡಿತು.

ಸುದೀಪ್ ಅಭಿನಯದಲ್ಲಿ ಕೊರತೆಯಿಲ್ಲ. ನನ್ನ ತಕರಾರು ಪಾತ್ರದ ಮೇಲೆ. ಶಿವಯ್ಯ ಬರೀ ಅಮಾಯಕ, ಬರೀ ಬಂಗಾರ! ನಮ್ಮಣ್ಣ ಲಾರಿ ಹಾರನ್ ಹೊಡೆದರೆ ಕಿವಿ ಮುಚ್ಚಿ ಕೈ ಕಚ್ಚಿಕೊಳ್ಳುತ್ತಾನೆ. ಕ್ರೇಟಿನ ಸಾಲು ಒಂದು ಅಂಗುಲ ವಾರೆಯಾದರೆ ಪೂರ್ತಿ ಕೆಡವಿ ಮತ್ತೆ ಜೋಡಿಸುತ್ತಾನೆ. ಹಾಲಿವುಡ್ಡಿನ ‘ರೈನ್ ಮ್ಯಾನ್’ (1988) ನೋಡಿ ಬಂದವರು ‘ಲೆಕ್ಕದಲ್ಲಿ ಚುರುಕಾ?’ ಅಂತ ಕೇಳುತ್ತಾರೆ. ಇಲ್ಲ ಸ್ವಾಮೀ, ಚಿಲ್ಲರೆ ಎಣಿಸಲೂ ಬರುವುದಿಲ್ಲ. ಅದಕ್ಕೇನೀಗ?

ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ (1964) ಯಾಕೋ ಬೇರೆ ಅನಿಸುತ್ತದೆ. ಕಿವಿ ಕೇಳದ, ಮಾತು ಬಾರದ ಹೆಂಡತಿಯಾಗಿ ಹರಿಣಿ, ಗಂಡನಾಗಿ ರಾಜ್‌ಕುಮಾರ್. ಅಲ್ಲಿ ಆಕೆ ದೇವತೆಯಲ್ಲ, ಸಂಸಾರ ಮಾಡುವ ಹೆಂಗಸು. ‘ಶರಪಂಜರ’ದ ಕಾವೇರಿಯೂ ಹಾಗೆಯೇ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮನೆಯವರ ಅನುಮಾನವೇ ಮತ್ತೆ ಕೆಡವುತ್ತದೆ. ಕಲ್ಪನಾ ಅವರ ಆ ಕಣ್ಣು ಮರೆಯುವುದುಂಟೆ!

ಮಾಲೂರಿಗೆ ಕೊಟ್ಟಿರುವ ನಮ್ಮಕ್ಕನ ಮಗಳಿಗೆ ಒತ್ತಕ್ಷರ ಕಂಡರೆ ಜ್ವರ. ಅಕ್ಕ ‘ತಾರೇ ಜಮೀನ್ ಪರ್’ (2007) ನೋಡಿದ ಮೇಲೆಯೇ ಮಗುವಿಗೆ ಹೊಡೆಯುವುದನ್ನು ಬಿಟ್ಟಳು. ಸಿನಿಮಾದಿಂದ ಉಪಕಾರವೇ ಇಲ್ಲ ಅನ್ನಲಾರೆ.

2016ರ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿತು. ಆಟಿಸಂ, ಕಲಿಕೆಯ ತೊಂದರೆ ಎರಡೂ ಸೇರಿದವು. ಆಮೇಲೆ ಕೋಲಾರಕ್ಕೆ ಅಲೆದು ಅಲೆದು ಅಣ್ಣನಿಗೊಂದು ಕಾರ್ಡ್ ಮಾಡಿಸಿದೆವು. ಅವನಿಗಿರುವುದಕ್ಕೆ ಹೆಸರು ಸಿಕ್ಕಾಗ ಅವನಿಗೆ ಮೂವತ್ತು ದಾಟಿತ್ತು.

ಬರುವಾಗ ಬಸ್ಸಿನಲ್ಲಿ ದೊಡ್ಡಮ್ಮ ಅಂದಳು: “ಸಿನಿಮಾದಲ್ಲಿ ಶಿವಯ್ಯಂಗೆ ಅಜ್ಜಿ ಹೋದ್ಮೇಲೂ ಲಲಿತ ಇದ್ಲು. ನಾನು ಹೋದ್ಮೇಲೆ ಇವನಿಗೆ ಯಾರಪ್ಪಾ ಅವ್ರೆ?”

ನಾನು ಇದ್ದೀನಿ ಅನ್ನಬೇಕಿತ್ತು. ಕಿಟಕಿ ಕಡೆ ನೋಡಿದೆ.

ಮೊನ್ನೆ ಮಂಡಿಗೆ ಹೋಗಿದ್ದೆ. ದೊಡ್ಡಮ್ಮ ಇಟ್ಟ ನಿಜವಾದ ಹೆಸರು ಹಿಡಿದು ಅಣ್ಣನನ್ನು ಮೂರು ಸಲ ಕೂಗಿದೆ. ಅವನು ಕ್ರೇಟು ಜೋಡಿಸುತ್ತಲೇ ಇದ್ದ. ಪಕ್ಕದ ಹಮಾಲಿ “ಸ್ವಾತಿಮುತ್ತೂ” ಅಂದ. ತಟ್ಟನೆ ತಿರುಗಿದ.